150 ಕುರ್ಚಿಗಳ ಸಭಾಂಗಣಕ್ಕೆ ಮೈಕು ಬೇಕೇ? ಕಚೇರಿ ಸಂಗೀತ ಮತ್ತು ತಂತ್ರಜ್ಞಾನ ಕುರಿತು ಚರ್ಚೆ

ಸಭಾಕಾರ್ಯದರ್ಶಿ (ಹಾಸನ ಜಿಲ್ಲೆ):

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಹಿರಿಯರು ಆರಂಭಿಸಿದ ಚಿಕ್ಕದೊಂದು ಸಂಗೀತ ಸಭೆ ನಡೆದುಕೊಂಡು ಬಂದಿದೆ. ತಿಂಗಳಿಗೊಂದು ಕಚೇರಿ ಮತ್ತು ರಾಮನವಮಿಗೆ ಐದು ದಿನಗಳ ಉತ್ಸವ, ಇಷ್ಟೇ ನಮ್ಮ ವ್ಯಾಪ್ತಿ. ಸಭಾಂಗಣದಲ್ಲಿ 150 ಕುರ್ಚಿಗಳಿವೆ, ಹಂಚಿನ ಮಾಡಿದೆ, ಎರಡೂ ಬದಿಗೆ ಕಿಟಕಿಗಳಿವೆ. ಈ ವರ್ಷ ದಾನಿಯೊಬ್ಬರು ಹೊಸ ಧ್ವನಿವರ್ಧಕ ವ್ಯವಸ್ಥೆಯನ್ನು ಕೊಡಿಸಲು ಮುಂದೆ ಬಂದಿದ್ದಾರೆ. ಅಲ್ಲಿಂದ ಶುರುವಾದ ಮಾತು ಸಾಮಾನು ಖರೀದಿಯನ್ನು ದಾಟಿ, ಕಚೇರಿ ಎಂದರೆ ಹೇಗಿರಬೇಕು ಎಂಬ ಜಿಜ್ಞಾಸೆಗೆ ಬಂದು ನಿಂತಿದೆ.

ಸಮಿತಿಯ ಕೆಲವರು ಇಷ್ಟು ಚಿಕ್ಕ ಸ್ಥಳಕ್ಕೆ ಮೈಕೇ ಬೇಡ, ಆ ಹಣದಲ್ಲಿ ಮೂಲೆ ಸೇರಿರುವ ಎರಡು ತಂಬೂರಗಳನ್ನು ರಿಪೇರಿ ಮಾಡಿಸೋಣ ಎನ್ನುತ್ತಾರೆ. ಯುವ ಸದಸ್ಯರು ಡಿಜಿಟಲ್ ಮಿಕ್ಸರ್, ಮಾನಿಟರ್ ಸ್ಪೀಕರ್‌ಗಳು ಮತ್ತು ನೇರಪ್ರಸಾರಕ್ಕೆ ಕ್ಯಾಮೆರಾ ಬೇಕೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ನನಗೆ ತೋರುತ್ತದೆ. ಕಲಾವಿದರೂ ಕೇಳುಗರೂ ಧ್ವನಿತಂತ್ರಜ್ಞರೂ ಈ ಬಳಗದಲ್ಲಿ ಇರುವುದರಿಂದ ತಮ್ಮ ಅಭಿಪ್ರಾಯಗಳನ್ನು ಕೋರುತ್ತೇನೆ.

ಧ್ವನಿಮೇಜು (ಬೆಂಗಳೂರು):

ವೃತ್ತಿಯಿಂದ ನಾನು ಧ್ವನಿತಂತ್ರಜ್ಞ. ಮೈಕು ಮಾರುವವನಂತೆ ಮಾತಾಡುತ್ತೇನೆಂದು ತಾವು ನಿರೀಕ್ಷಿಸಿದ್ದರೆ ನಿರಾಸೆಯಾದೀತು. ತಾವು ವರ್ಣಿಸಿದ ಅಳತೆಯ ಸ್ಥಳದಲ್ಲಿ ಹಿಂದಿನ ಸಾಲು ವೇದಿಕೆಯಿಂದ ಹನ್ನೆರಡು ಹದಿನಾಲ್ಕು ಮೀಟರಿಗಿಂತ ದೂರವಿರುವುದಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ, ಆದರೆ ಒಳಾಂಗಣದಲ್ಲಿ ಗೋಡೆ ಮತ್ತು ಮಾಡಿನಿಂದ ಮರಳಿ ಬರುವ ಶಬ್ದವೂ ಸೇರುವುದರಿಂದ ನಷ್ಟ ಅಷ್ಟಿರುವುದಿಲ್ಲ. ತಾಲೀಮು ಪಡೆದ ಕಂಠವಾಗಲಿ, ಪಿಟೀಲಾಗಲಿ, ಮೃದಂಗವಾಗಲಿ ಅಲ್ಲಿಗೆ ಮುಟ್ಟದೇ ಇರಲು ಕಾರಣವಿಲ್ಲ.

ಹಾಗಾದರೆ ಮುಟ್ಟುವುದಿಲ್ಲ ಎಂಬ ಭಾವನೆ ಏಕೆ ಬರುತ್ತದೆ? ಮೊದಲ ಆರೋಪಿ ಫ್ಯಾನು. ಮಾಡಿನಿಂದ ಇಳಿಬಿಟ್ಟ ಆರೇಳು ಫ್ಯಾನುಗಳು ಎಡೆಬಿಡದೆ ಮಾಡುವ ಗಾಳಿಯ ಸದ್ದು ತಂಬೂರದ ನಾದವನ್ನೂ ಕಂಠದ ಸಣ್ಣ ಎಳೆಗಳನ್ನೂ ನುಂಗಿಹಾಕುತ್ತದೆ. ಎರಡನೆಯದು ಕಿಟಕಿಯಾಚೆಯ ರಸ್ತೆ. ಮೂರನೆಯದು ನಮ್ಮ ಕಿವಿಯೇ, ಏಕೆಂದರೆ ಮನೆಯಲ್ಲಿ ಹೆಡ್‌ಫೋನಿನೊಳಗೆ ಗಾಯಕರ ಉಸಿರನ್ನೂ ಕೇಳಿ ರೂಢಿಯಾದವರಿಗೆ ಹತ್ತು ಮೀಟರಿನಾಚೆಯಿಂದ ಬರುವ ನಿಜವಾದ ಕಂಠ ಮೊದಲ ಹತ್ತು ನಿಮಿಷ ತೀರಾ ಕ್ಷೀಣವೆನಿಸುತ್ತದೆ, ಬಳಿಕ ಕಿವಿ ಹೊಂದಿಕೊಳ್ಳುತ್ತದೆ. ಆ ಹತ್ತು ನಿಮಿಷಗಳ ತಾಳ್ಮೆಯನ್ನು ಸಭಿಕರಿಂದ ಕೇಳುವ ಧೈರ್ಯ ಸಂಘಟಕರಿಗೆ ಇರಬೇಕು.

ದೊಡ್ಡ ಸಮಸ್ಯೆ ಇರುವುದು ಮಾನಿಟರ್‌ನಲ್ಲಿ. ತಮ್ಮ ಧ್ವನಿ ತಮಗೇ ಕೇಳಲೆಂದು ಕಲಾವಿದರ ಮುಂದೆ ಇಡುವ ಸ್ಪೀಕರ್ ಅದು. ಗಾಯಕರು ತಮ್ಮದನ್ನು ಸ್ವಲ್ಪ ಹೆಚ್ಚಿಸಲು ಹೇಳುತ್ತಾರೆ, ಆಗ ಮೃದಂಗದವರಿಗೆ ತಮ್ಮದು ಕೇಳಿಸುವುದಿಲ್ಲ, ಅವರದ್ದನ್ನು ಏರಿಸಿದ ಮೇಲೆ ಪಿಟೀಲಿನವರು ಕೈ ಎತ್ತುತ್ತಾರೆ. ಅರ್ಧ ಗಂಟೆಯೊಳಗೆ ವೇದಿಕೆಯೇ ಸಭಾಂಗಣಕ್ಕಿಂತ ಜೋರಾಗಿ, ಮೈಕುಗಳು ಕೀರಲು ತೊಡಗುತ್ತವೆ. ಮೊದಲು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಕಲಾವಿದರೇ ತೂಗಿಸುತ್ತಿದ್ದ ಸಮತೋಲ ಈಗ ಹಾಲ್‌ನ ಹಿಂದೆ ಮೇಜಿನ ಮುಂದೆ ಕುಳಿತ ನನ್ನಂಥವನ ಬೆರಳಿಗೆ ಬಂದಿದೆ. ಕಚೇರಿಯೊಂದರ ಸೌಂದರ್ಯದ ತೀರ್ಮಾನ ಹೀಗೆ ಕೈ ಬದಲಾಯಿಸಿರುವುದನ್ನು ನಾವು ಇನ್ನೂ ಸರಿಯಾಗಿ ಗಮನಿಸಿಲ್ಲ.

ಹಳೆಯಕೇಳುಗ (ಮೈಸೂರು):

ಧ್ವನಿಮೇಜು ಅವರ ಕೊನೆಯ ಮಾತನ್ನು ಹಿಡಿದುಕೊಂಡೇ ಸ್ವಲ್ಪ ಹಿಂದಕ್ಕೆ ಹೋಗಬಯಸುತ್ತೇನೆ. ಮೈಕು ಬರುವ ಮೊದಲು ಸಂಗೀತ ತಂತ್ರಜ್ಞಾನದ ಹಂಗಿಲ್ಲದೆ ಶುದ್ಧವಾಗಿತ್ತು ಎಂಬ ಚಿತ್ರಣವನ್ನು ನಾನು ಒಪ್ಪಲಾರೆ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು 1920ರ ದಶಕದ ಕೊನೆಯ ಹೊತ್ತಿಗೆ ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡದ್ದು ಏತಕ್ಕೆ? ತಂತಿಗಳಿಗೆ ಜೋಡಿ ತಂತಿ ಕಟ್ಟಿ ನಾದವನ್ನು ಹೆಚ್ಚಿಸಿ, ಹಿಂದೆ ಕುಳಿತವರಿಗೂ ಪಿಟೀಲು ಕೇಳಿಸುವಂತೆ ಮಾಡುವುದಕ್ಕೆ. ಅಂದರೆ ಧ್ವನಿವರ್ಧನೆಯ ಅಗತ್ಯ ಮೊದಲೇ ಇತ್ತು, ಅದಕ್ಕೆ ಉತ್ತರವನ್ನು ಒಬ್ಬ ಕಲಾವಿದ ತನ್ನ ವಾದ್ಯದೊಳಗೇ ಹುಡುಕಿದ. ಪಿಟೀಲಾದರೂ ನಮ್ಮದೇ? ಯೂರೋಪಿನ ವಾದ್ಯವೊಂದು ನಮ್ಮ ಕಚೇರಿಗೆ ಬಂದು, ಕೂರುವ ಭಂಗಿಯನ್ನೂ ಶ್ರುತಿಯನ್ನೂ ಬದಲಿಸಿಕೊಂಡು ಇನ್ನೂರು ವರ್ಷಗಳಾದವು.

ಕಂಪನಿ ನಾಟಕಗಳನ್ನೂ ನೆನೆಯಬೇಕು. ಗುಬ್ಬಿ ಕಂಪನಿಯ ಕಾಲದ ನಟರು ತುಂಬಿದ ಟೆಂಟಿನ ಕೊನೆಯವರೆಗೆ ರಂಗಗೀತೆ ಮುಟ್ಟಿಸಲು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಆ ಕಂಠದ ಕಸುವೇ ಒಂದು ಶೈಲಿಯಾಯಿತು. ಮೈಕು ಬಂದ ಮೇಲೆ ಗಾಯಕರು ಶ್ರುತಿಯನ್ನು ಇಳಿಸಿಕೊಂಡರು, ಮಂದ್ರಸ್ಥಾಯಿಯಲ್ಲಿ ಪಿಸುದನಿಯಂತಹ ಸಂಚಾರಗಳು ಸಾಧ್ಯವಾದವು. ಇದನ್ನು ನಷ್ಟವೆನ್ನುವವರು, ಮಂದ್ರದ ಆ ಸೂಕ್ಷ್ಮಗಳು ಹಿಂದೆ ಮೊದಲ ಎರಡು ಸಾಲುಗಳವರ ಪಾಲಿಗೆ ಮಾತ್ರ ಇದ್ದವೆಂಬುದನ್ನು ಮರೆಯಬಾರದು. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ರಾಮೋತ್ಸವದ ಚಪ್ಪರದಲ್ಲಿ ಸಾವಿರಾರು ಜನ ಕುಳಿತು, ರಸ್ತೆಯಲ್ಲಿ ನಿಂತು ದೊಡ್ಡ ವಿದ್ವಾಂಸರನ್ನು ಕೇಳಿದ್ದು ಧ್ವನಿವರ್ಧಕದ ದೆಸೆಯಿಂದ. ಅರಮನೆಯ ಸಂಗೀತ ಬೀದಿಗೆ ಬಂದದ್ದರಲ್ಲಿ ಮೈಕಾಸುರನ ಪಾಲೂ ಇದೆ!

ಗ್ರಾಮಫೋನಿನ ಕಥೆ ಇನ್ನೂ ಸ್ವಾರಸ್ಯಕರ. 1902ರಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಧ್ವನಿಮುದ್ರಿಕೆಗೆ ಹಾಡಿದಾಗ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆ ಅವಧಿಗೆ ಇಳಿಸಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಕಲಾವಿದೆ ಕೊನೆಯ ದಿನಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರೆಂಬುದು ಇಲ್ಲಿನ ಅನೇಕರಿಗೆ ಗೊತ್ತಿಲ್ಲ. ಅದಾದ ಐದು ವರ್ಷಗಳಿಗೆ ಇದೇ ಊರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ರೇಡಿಯೋ ಪ್ರಸಾರವನ್ನು ಆರಂಭಿಸಿದರು.

ಚೌಕಿಮನೆ (ಉಡುಪಿ):

ಶಾಸ್ತ್ರೀಯ ಕಚೇರಿಯವರ ನಡುವೆ ಯಕ್ಷಗಾನದ ಮಾತೆತ್ತುವುದಕ್ಕೆ ಕ್ಷಮೆಯಿರಲಿ, ಆದರೆ ತಂತ್ರಜ್ಞಾನದ ಪೆಟ್ಟನ್ನೂ ಲಾಭವನ್ನೂ ನಮ್ಮಷ್ಟು ಉಂಡವರು ಕಡಿಮೆ. ದೊಂದಿಯ ಬೆಳಕಿಗೆಂದು ರೂಪುಗೊಂಡ ಬಣ್ಣಗಾರಿಕೆ ಗ್ಯಾಸ್‌ಲೈಟಿಗೆ ಬಂತು, ವಿದ್ಯುದ್ದೀಪಕ್ಕೆ ಬಂತು, ಈಗ ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ನಿಂತಿದೆ. ದೊಂದಿಯ ನಸುಗೆಂಪು ಬೆಳಕು ಅಲುಗಿದಾಗ ಬಣ್ಣದ ವೇಷದ, ಅಕ್ಕಿಹಿಟ್ಟಿನ ಚಿಟ್ಟಿ ಚುಕ್ಕೆಗಳನ್ನು ಇಟ್ಟ ಮುಖಕ್ಕೆ ಬರುತ್ತಿದ್ದ ಭೀಕರತೆ ಈ ಬೆಳಕಿನಲ್ಲಿ ಬರುವುದಿಲ್ಲ.

ಭಾಗವತಿಕೆಯ ವಿಷಯವಂತೂ ಹಳೆಯಕೇಳುಗ ಅವರು ಹೇಳಿದಂತೆಯೇ. ಬಯಲಿನಲ್ಲಿ, ಚಂಡೆಯ ಅಬ್ಬರದ ನಡುವೆ, ಗದ್ದೆಯ ಆ ಬದಿಗೂ ಪದ ಕೇಳಬೇಕೆಂದರೆ ಭಾಗವತರ ಶ್ರುತಿ ಮೇಲೆಯೇ ಇರಬೇಕಿತ್ತು. ಮೈಕು ಬಂದ ಮೇಲೆ ಶ್ರುತಿ ಇಳಿಯಿತು, ರಾಗ ಬೆಳೆಸುವ ಉಮೇದು ಏರಿತು. ಇದರಿಂದ ಹಿಮ್ಮೇಳ ಶ್ರೀಮಂತವಾಯಿತೆನ್ನುವವರೂ, ಪದ ಪ್ರಸಂಗವನ್ನು ಬಿಟ್ಟು ಕಚೇರಿಯಾಯಿತೆನ್ನುವವರೂ ಇದ್ದಾರೆ. ನಾನು ಎರಡನೆಯ ಪಕ್ಷದವನು. ರಂಗಸ್ಥಳದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. ಮೈಕಿರುವ ಜಾಗಕ್ಕೆ ಬಂದು ನಿಂತು ಅರ್ಥ ಹೇಳುವ ರೂಢಿ ಬೆಳೆದು, ವೇಷಧಾರಿಯ ಚಲನೆ ಕಡಿಮೆಯಾಯಿತು. ಕುಣಿತಕ್ಕೆ ಇಡೀ ರಂಗಸ್ಥಳ, ಮಾತಿಗೆ ಒಂದೂವರೆ ಮೊಳ.

ಹಾಗೆಂದು ಹೊಸದೆಲ್ಲ ಕೆಟ್ಟದ್ದೆಂದು ನನ್ನ ವಾದವಲ್ಲ. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ಹಿಮ್ಮೇಳಕ್ಕೆ ತಂದರು. ಆಗಲೂ ಜಗಳವಾಯಿತು. ಆದರೆ ಯಾವ ಭಾವಕ್ಕೆ ಯಾವ ನಾದ ಬೇಕೆಂದು ಯೋಚಿಸಿದವರು ಅಲ್ಲಿ ಒಬ್ಬರಿದ್ದರು. ಈಗಿನ ಅನೇಕ ಆಟಗಳಲ್ಲಿ ಶಬ್ದದ ತೀರ್ಮಾನವನ್ನು ಮಾಡುವುದು ಮೈಕಿನ ಬಾಡಿಗೆ.

ಎರಡನೆಯಸಾಲು (ಶಿವಮೊಗ್ಗ):

ಮೈಕಿಲ್ಲದ ಕಚೇರಿಯ ಬಗ್ಗೆ ಇಷ್ಟೊಂದು ಭಾವುಕರಾಗುವ ಮೊದಲು, ತಾಲ್ಲೂಕಿನ ಸಭೆಗೆ ಬರುವವರು ಯಾರೆಂದು ನೋಡಬೇಕು. ಬಹುಪಾಲು ಅರವತ್ತು ದಾಟಿದವರು. ವಯಸ್ಸಾದಂತೆ ಮೊದಲು ಕೈಕೊಡುವುದು ಏರುಕಂಪನಗಳನ್ನು ಕೇಳುವ ಶಕ್ತಿ, ಹೀಗಾಗಿ ಸಾಹಿತ್ಯದ ವ್ಯಂಜನಗಳೇ ಅವರಿಗೆ ತಪ್ಪಿಹೋಗುತ್ತವೆ. ಅವರನ್ನು ಎರಡೂವರೆ ಗಂಟೆ ಕಿವಿ ನಿಮಿರಿಸಿ ಕೂರಿಸಿ ಇದೇ ಶುದ್ಧ ಸಂಗೀತ ಎನ್ನುವುದು ನ್ಯಾಯವಲ್ಲ. ಫ್ಯಾನನ್ನು ಮೊದಲ ಆರೋಪಿ ಮಾಡಿದವರು ಏಪ್ರಿಲ್ ಸೆಕೆಯಲ್ಲಿ ಅದನ್ನು ನಿಲ್ಲಿಸಿರಿ ಎನ್ನುವುದಾದರೆ ನಾನು ಏನೂ ಹೇಳುವುದಿಲ್ಲ, ರಾಮನವಮಿಯ ದಿನ ತಾವೇ ಪ್ರಯತ್ನಿಸಿ ನೋಡಬಹುದು.

ಶ್ರುತಿದೀಪ (ಧಾರವಾಡ):

ನಾನು ತಂಬೂರದ ಪರವಾಗಿ ಮಾತಾಡಲು ಬಂದಿದ್ದೇನೆ, ಏಕೆಂದರೆ ಈವರೆಗಿನ ಚರ್ಚೆಯಲ್ಲಿ ಅದರ ಪಾತ್ರ ಮೂಲೆ ಸೇರಿದ ಸಾಮಾನಿನಷ್ಟೇ ಆಗಿದೆ.

ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. 1979ರ ಸುಮಾರಿಗೆ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರ ಈಗ ದೇಶವಿದೇಶಗಳ ಸಂಗೀತದ ಮನೆಗಳಲ್ಲಿದೆ. ಅದು ಮಾಡಿದ ಉಪಕಾರ ಸಣ್ಣದಲ್ಲ. ಬಾಡಿಗೆಯ ಒಂದು ಕೋಣೆಯಲ್ಲಿ ಬದುಕುವ ವಿದ್ಯಾರ್ಥಿಗೆ, ಬಸ್ಸಿನಲ್ಲಿ ಊರೂರು ಸುತ್ತುವ ಕಲಾವಿದರಿಗೆ ಆಳೆತ್ತರದ ತಂಬೂರವನ್ನು ಹೊತ್ತೊಯ್ಯುವುದು ಅಸಾಧ್ಯವಿತ್ತು. ಇಂದು ಅದೇ ನಾದ ಮೊಬೈಲಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಆದರೆ ಅದೇ ನಾದ ಎಂದೆನಲ್ಲ, ಅಲ್ಲಿ ತೊಡಕಿದೆ. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ, ಆ ಬಿಂದುವಿನಲ್ಲಿ ಚಲನೆಯೇ ಇಲ್ಲದ ಅನುಸ್ವರಗಳು (ಮೂಲ ಸ್ವರದೊಂದಿಗೆ ಹೊಮ್ಮುವ ಸೂಕ್ಷ್ಮ ಮೇಲುಸ್ವರಗಳು) ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವೀಣೆ ಮತ್ತು ತಂಬೂರಗಳು ಈ ನಿಯಮವನ್ನು ಮೀರುತ್ತವೆ ಎಂದು ತೋರಿಸಿದರು. ಕಾರಣ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ವಿನ್ಯಾಸ. ಅದರ ಅಗಲವಾದ, ತುಸು ಬಾಗಿದ ಮೈಮೇಲೆ ತಂತಿ ಸವರಿಕೊಂಡು ಕಂಪಿಸುತ್ತದೆ. ತಂತಿಯಡಿ ಸಿಕ್ಕಿಸಿದ ದಾರದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೂ ಅನುಸ್ವರಗಳ ಗುಂಪು ಬೇರೆಯಾಗುತ್ತದೆ. ಚೆನ್ನಾಗಿ ಕೂಡಿಸಿದ ತಂಬೂರದ ಮಂದ್ರ ಷಡ್ಜದಲ್ಲಿ ಅಂತರ ಗಾಂಧಾರ ತಾನಾಗಿ ಮೊಳಗುವುದು ಹೀಗೆ. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳೆಂದು ಅಳೆದರೆ ಆ ಗಾಂಧಾರ ಷಡ್ಜದಿಂದ 386 ಸೆಂಟ್ ಎತ್ತರದಲ್ಲಿದೆ, ಕೀಬೋರ್ಡಿನ ಗಾಂಧಾರ 400 ಸೆಂಟ್‌ನಲ್ಲಿದೆ. ಹದಿನಾಲ್ಕು ಸೆಂಟ್‌ಗಳ ಈ ಅಂತರ ಕಾಗದದ ಮೇಲೆ ಚಿಕ್ಕದು, ತಂಬೂರದ ಮಡಿಲಲ್ಲಿ ಬೆಳೆದ ಕಿವಿಗೆ ತುಂಬಾ ದೊಡ್ಡದು.

ಧ್ವನಿಮುದ್ರಿತ ತಂಬೂರವನ್ನೇ ನುಡಿಸುವ ಇಂದಿನ ಯಂತ್ರಗಳಲ್ಲಿ ಆ ಗಾಂಧಾರವೂ ಇರುತ್ತದೆ ಎಂದು ಯಾರಾದರೂ ಹೇಳಬಹುದು. ಇರುತ್ತದೆ, ಚೆನ್ನಾಗಿಯೂ ಇರುತ್ತದೆ. ಯಂತ್ರದೊಂದಿಗೆ ಬೆಳೆದ ವಿದ್ಯಾರ್ಥಿಗೆ ಇಲ್ಲದೆ ಹೋಗುವುದು ಶ್ರುತಿ ಕೂಡಿಸುವ ಕೆಲಸ. ಬಿರಡೆ ತಿರುಗಿಸಿ, ಮಣಿ ಸರಿಸಿ, ದಾರ ಹೊಂದಿಸಿ, ನಾಲ್ಕು ತಂತಿಗಳು ಒಂದಾಗುವ ಕ್ಷಣವನ್ನು ತಾನೇ ಗುರುತಿಸುವುದು ಸಂಗೀತದ ಮೊದಲ ಪಾಠವಾಗಿತ್ತು, ಈಗ ಆ ಪಾಠವನ್ನು ಒಂದು ಗುಂಡಿ ಮುಗಿಸಿಬಿಡುತ್ತದೆ. ಇನ್ನೊಂದು ನಷ್ಟವೂ ಉಂಟು. ಗುರುಗಳ ಹಿಂದೆ ತಂಬೂರ ಹಿಡಿದು ಕೂರುತ್ತಿದ್ದ ಶಿಷ್ಯರು ಕಚೇರಿ ನಡೆಸುವ ಕಲೆಯನ್ನು ಅಲ್ಲಿಂದಲೇ ಕಲಿಯುತ್ತಿದ್ದರು. ಒಂದೇ ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲ್ ಎಲ್ಲಿ ನಿಲ್ಲಿಸಬೇಕು, ಗಂಟಲು ಕೈಕೊಟ್ಟಾಗ ಪಿಟೀಲಿಗೆ ಹೇಗೆ ಜಾಗ ಬಿಡಬೇಕು ಎಂಬುದನ್ನು ಬೆನ್ನ ಹಿಂದಿನಿಂದ ನೋಡಿದವರಿಗೆ ಪ್ರತ್ಯೇಕ ಪಾಠ ಬೇಕಿರಲಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದ ಮೇಲೆ ಆ ಜಾಗವೇ ಖಾಲಿಯಾಯಿತು. ಹಾಗೆ ಕೂರುತ್ತಿದ್ದವರಿಗೆ ನಮ್ಮ ಸಭೆಗಳು ಕೊಡುತ್ತಿದ್ದ ಸಂಭಾವನೆಯ ನಾಚಿಕೆಗೇಡಿನ ಬಗ್ಗೆ ಬೇರೆಯೇ ಚರ್ಚೆ ನಡೆಸಬೇಕು.

ಕಾರ್ಯದರ್ಶಿಗಳೇ, ತಂಬೂರಗಳನ್ನು ಖಂಡಿತ ರಿಪೇರಿ ಮಾಡಿಸಿರಿ. ನಮ್ಮ ಕಡೆಯವರು ಇದಕ್ಕೆ ಮಿರಜಿಗೆ ಹೋಗುತ್ತೇವೆ.

ಎಡಮುಚ್ಚಿಗೆ (ಮೈಸೂರು):

ಶ್ರುತಿದೀಪ ಅವರ ಮಾತಿಗೆ ಜೋಡಿಸುವುದಾದರೆ, ರಾಮನ್ ಅವರು ಮೃದಂಗವನ್ನೂ ಬಿಡಲಿಲ್ಲ. ಸಾಮಾನ್ಯವಾಗಿ ಚರ್ಮವಾದ್ಯಗಳ ಅನುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಆದರೆ ಚರ್ಮದ ನಡುವೆ ಕಪ್ಪು ಲೇಪವಾದ ಕರಣೆ ಹಾಕಿದ ನಮ್ಮ ವಾದ್ಯಗಳಲ್ಲಿ ಅವು ತಂತಿವಾದ್ಯದಂತೆ ಸ್ವರಬದ್ಧವಾಗಿ ಕೂಡುತ್ತವೆ ಎಂದು ಅವರು 1920ರಲ್ಲೇ ಬರೆದರು. ಕರಣೆ ಹಾಕಿದ ಕುಶಲಕರ್ಮಿಗಳು ಗಣಿತವಿಲ್ಲದೆ ಕಿವಿಯಿಂದ ಕಂಡುಕೊಂಡ ವಿದ್ಯೆ ಅದು. ಮೃದಂಗದ ತಂತ್ರಜ್ಞಾನವೆಂದರೆ ನನಗೆ ಮೊದಲು ನೆನಪಾಗುವವರು ಅವರೇ, ಅವರ ಹೆಸರನ್ನು ಕರಪತ್ರದಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ.

ಈಗ ಬೆಂಗಳೂರಿನಲ್ಲಿ, ಸ್ವತಃ ಸಂಗೀತಗಾರರೂ ಇಂಜಿನಿಯರೂ ಆದ ಡಾ. ಕೆ. ವರದರಂಗನ್ ಅವರು ಚರ್ಮದ ಬದಲು ಕೃತಕ ಹಾಳೆಯ ಮುಚ್ಚಿಗೆಗಳುಳ್ಳ ಮೃದಂಗವನ್ನು ರೂಪಿಸಿದ್ದಾರೆ. ಮಳೆಗಾಲದ ತೇವಕ್ಕೆ ಶ್ರುತಿ ಇಳಿಯುವುದಿಲ್ಲ, ಬೋಲ್ಟ್ ತಿರುಗಿಸಿ ಶ್ರುತಿ ಮಾಡಬಹುದು, ವಿಮಾನದಲ್ಲಿ ಒಯ್ಯಲು ಹಗುರ. ನುಡಿಸಿ ನೋಡಿದ್ದೇನೆ. ಬಲಗಡೆಯ ನಾದ ಆಶ್ಚರ್ಯವಾಗುವಷ್ಟು ಹತ್ತಿರ ಬಂದಿದೆ, ಎಡಗಡೆಯ ಮಂದ್ರನಾದವಾದ ಗುಮುಕಿಯಲ್ಲಿ ರವೆ ಹಚ್ಚಿದ ಚರ್ಮದ ಗಾಂಭೀರ್ಯ ಇನ್ನೂ ಬೇಕೆನಿಸುತ್ತದೆ. ಕಲಿಯುವವರಿಗೂ ವಿದೇಶದವರಿಗೂ ಇದು ವರವೇ ಸರಿ. ಆದರೆ ಪ್ರತಿ ಮುಚ್ಚಿಗೆ ಬದಲಿಗೂ ನಂಬಿಕೊಂಡಿರುವ ಕುಟುಂಬಗಳ ಕೆಲಸ ಏನಾಗುತ್ತದೆ ಎಂಬ ಪ್ರಶ್ನೆಯನ್ನು ವೇದಿಕೆಯಲ್ಲಿ ಕುಳಿತ ನಾವು ಕೇಳಿಕೊಳ್ಳುವುದಿಲ್ಲ.

ಮಾನಿಟರ್ ವಿಚಾರದಲ್ಲಿ ಧ್ವನಿಮೇಜು ಅವರು ನಮ್ಮ ಮೇಲೆ ಹೊರಿಸಿದ ಆರೋಪ ನಿಜ. ಆದರೆ ಕಂಠಕ್ಕೆ ಮೈಕು ಕೊಟ್ಟು ಮೃದಂಗಕ್ಕೆ ಕೊಡದಿದ್ದರೆ ಸಮತೋಲ ಉಳಿಯುತ್ತದೆಯೇ ಎಂಬುದನ್ನೂ ಅವರು ಹೇಳಬೇಕು.

ಕೂಡಲಿಯವಳು (ನ್ಯೂಜೆರ್ಸಿ):

ಇಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ನಾನು ಪಾಠ ಮಾಡಿಸಿಕೊಳ್ಳುವುದು ಮಾತ್ರ ಇಂದಿಗೂ ಊರಿನ ಗುರುಗಳಿಂದ, ಪರದೆಯ ಮೂಲಕ. ಇಲ್ಲಿ ಯಾರೂ ಹೇಳದ ಒಂದು ಸಂಗತಿಯನ್ನು ಸೇರಿಸುತ್ತೇನೆ. ವಿಡಿಯೋ ಕರೆಯ ಆ್ಯಪ್‌ಗಳು ಮನುಷ್ಯರ ಮಾತಿಗೆಂದು ಮಾಡಿದಂಥವು. ಒಂದೇ ಸಮನೆ ಮುಂದುವರಿಯುವ ಯಾವುದೇ ಶಬ್ದವನ್ನು ಅವು ಫ್ಯಾನಿನ ಅಥವಾ ಎಸಿಯ ಗದ್ದಲವೆಂದು ಬಗೆದು ಅಳಿಸಿಹಾಕುತ್ತವೆ. ಹಾಗೆ ಅಳಿಸಿಹೋಗುವುದರಲ್ಲಿ ಮೊದಲನೆಯದು ತಂಬೂರ. ಗುರುಗಳ ಬಳಿ ಶ್ರುತಿ ಮೊಳಗುತ್ತಿರುತ್ತದೆ, ನನಗೆ ತಲಪುವುದು ಆಧಾರವೇ ಇಲ್ಲದ ಕಂಠ, ಅದರಲ್ಲೂ ದೀರ್ಘವಾಗಿ ನಿಲ್ಲಿಸಿದ ಷಡ್ಜ ನಡುವೆಯೇ ಕರಗಿಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಮೂಲ ಧ್ವನಿಯನ್ನು ಹಾಗೇ ಕಳಿಸುವ ಆಯ್ಕೆ ಇದೆಯೆಂದು ಎಷ್ಟೋ ಹಿರಿಯ ಗುರುಗಳಿಗೆ ಗೊತ್ತಿಲ್ಲ.

ಇನ್ನೊಂದು ತೊಡಕನ್ನು ಯಾವ ಸೆಟ್ಟಿಂಗೂ ಸರಿಪಡಿಸದು. ಸುಮಾರು 13,000 ಕಿಲೋಮೀಟರ್ ದೂರವನ್ನು ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ದಾಟಿದರೂ ಒಂದು ಕಡೆಗೆ 65 ಮಿಲಿಸೆಕೆಂಡ್ ಬೇಕು, ಆ್ಯಪಿನ ವಿಳಂಬ ಬೇರೆ. ಸೇರಿ ಹಾಡಲು 25ರಿಂದ 30 ಮಿಲಿಸೆಕೆಂಡ್‌ಗಿಂತ ಹೆಚ್ಚಿನ ಅಂತರ ಇರಬಾರದು, ಮೀರಿದರೆ ತಾಳ ಎಳೆಯತೊಡಗುತ್ತದೆ. ಆದ್ದರಿಂದ ನಾನೂ ಗುರುಗಳೂ ಒಟ್ಟಿಗೆ ಹಾಡುವುದು ಭೌತಶಾಸ್ತ್ರದ ಪ್ರಕಾರವೇ ಸಾಧ್ಯವಿಲ್ಲ. ಅವರು ಹಾಡಬೇಕು, ನಾನು ಕೇಳಿ ಒಪ್ಪಿಸಬೇಕು. ಜೊತೆಯಲ್ಲಿ ಹಾಡುತ್ತಾ ಗುರುವಿನ ಉಸಿರಿನ ಲೆಕ್ಕವನ್ನು ತಿಳಿಯದೆಯೇ ಕಲಿತುಬಿಡುವ ದಾರಿ ಮುಚ್ಚಿದೆ. ಇಷ್ಟೆಲ್ಲ ಆದ ಮೇಲೂ, ಈ ಪರದೆ ಇಲ್ಲದಿದ್ದರೆ ಮದುವೆಯಾಗಿ ಇಲ್ಲಿಗೆ ಬಂದ ದಿನವೇ ನನ್ನ ಸಂಗೀತ ನಿಂತುಹೋಗುತ್ತಿತ್ತು.

ನೇರಪ್ರಸಾರದ ಬಗ್ಗೆ ಯೋಚಿಸುವಾಗ ನಮ್ಮಂಥವರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಧ್ವನಿಮೇಜು (ಬೆಂಗಳೂರು):

ಎಡಮುಚ್ಚಿಗೆ ಅವರೇ, ಕಂಠಕ್ಕೆ ಹಗುರವಾಗಿ ಒತ್ತಾಸೆ ಕೊಡುವ ಮಟ್ಟದಲ್ಲಿ ಮಾತ್ರ ಮೈಕು ಇಟ್ಟರೆ ಆ ಹಾಲ್‌ನಲ್ಲಿ ಮೃದಂಗಕ್ಕೆ ಬೇಕಾಗುವುದಿಲ್ಲ. ವೀಣೆಯ ಕಚೇರಿ ಇದ್ದಾಗ ಲೆಕ್ಕ ಬೇರೆ. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ನಾದವನ್ನು ಉದ್ದಕ್ಕೆ ನಿಲ್ಲಿಸುತ್ತದೆ, ಹಾಗಾಗಿ ವೈಣಿಕರು ಮೀಟು ಕಡಿಮೆ ಮಾಡಿ ಒಂದೇ ಮೀಟಿನಲ್ಲಿ ಸ್ವರವನ್ನು ತೂಗಾಡಿಸುವ ಉದ್ದುದ್ದ ಗಮಕಗಳನ್ನು ಎಳೆಯುವ ಬಾನಿಯೇ ಬೆಳೆದಿದೆ. ಅದಕ್ಕಿಂತ ಎದುರಿಗೆ ಒಂದು ಅಡಿ ದೂರದಲ್ಲಿ ಒಳ್ಳೆಯ ಕಂಡೆನ್ಸರ್ ಮೈಕು ಇಡುವುದು ನನಗೆ ಇಷ್ಟ, ಆಗ ವೀಣೆಯ ಕೊಡದೊಳಗಿನ ನಾದವೂ ಬರುತ್ತದೆ.

ಹೊಸರಾಗ (ಬೆಂಗಳೂರು):

ಇಡೀ ಚರ್ಚೆಯಲ್ಲಿ ತಂತ್ರಜ್ಞಾನವನ್ನು ಕಚೇರಿಯ ಸೇವಕನಂತೆ ನೋಡಲಾಗಿದೆ. ನಾನು ಲ್ಯಾಪ್‌ಟಾಪ್ ಮತ್ತು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್‌ಗಳಲ್ಲೇ ಸಂಗೀತ ರಚಿಸುವವನು. ನನಗೆ ಯಂತ್ರವೇ ವಾದ್ಯ, ಅದನ್ನು ಅಭ್ಯಾಸ ಮಾಡುತ್ತೇನೆ. ಇದು ಪಶ್ಚಿಮದ ಅನುಕರಣೆಯೆಂದು ಮೂಗು ಮುರಿಯುವವರಿಗೆ ಒಂದು ಮಾತು. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇಟ್ಟ ಸ್ಟುಡಿಯೋ ಇತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಹೊಂದಿಸಿಕೊಟ್ಟರು, ಗೀತಾ ಸಾರಾಭಾಯಿ ಮೊದಲಾದ ನಮ್ಮವರು ಅದರಲ್ಲಿ ಕೆಲಸ ಮಾಡಿದರು, ಕೆಲವೇ ವರ್ಷಗಳಲ್ಲಿ ಅದು ನಿಂತು ಟೇಪುಗಳು ಕಪಾಟಿನಲ್ಲಿ ಉಳಿದವು. ಇನ್ನು 1982ರಲ್ಲಿ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬೇಸ್ ಸಿಂಥಸೈಜರ್ ಮತ್ತು ಟಿಆರ್-808 ಎಂಬ ತಾಳಯಂತ್ರಗಳ ಮೇಲೆ ಹತ್ತು ರಾಗಗಳನ್ನು ಧ್ವನಿಮುದ್ರಿಸಿದರು. ಇಲ್ಲಿ ಯಾರೂ ಕೊಳ್ಳಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ ಯೂರೋಪಿನವರು ಅದನ್ನು ಎತ್ತಿಹಿಡಿದ ಮೇಲಷ್ಟೇ ನಮ್ಮವರಿಗೆ ಹೆಮ್ಮೆಯಾಯಿತು.

ತಮ್ಮ ಸಭೆಯ ಐದು ದಿನಗಳಲ್ಲಿ ಒಂದು ಸಂಜೆಯನ್ನು ಇಂಥ ಸಂಗೀತಕ್ಕೆ ಕೊಡುವಿರಾ?

ಗಮಕಶೋಧಕ (ಬೆಂಗಳೂರು):

ಹೊಸರಾಗ ಅವರ ಮಾತಿನಲ್ಲಿ ಅಭ್ಯಾಸ ಎಂಬುದು ನನಗೆ ಮುಖ್ಯವಾಗಿ ಕಂಡಿತು. ಯಂತ್ರವನ್ನು ಅಭ್ಯಾಸ ಮಾಡುವುದು ಒಂದು, ಅಭ್ಯಾಸವನ್ನು ತಪ್ಪಿಸಿಕೊಳ್ಳಲು ಯಂತ್ರವನ್ನು ಬಳಸುವುದು ಇನ್ನೊಂದು. ಶ್ರುತಿಯನ್ನು ತಾನಾಗಿ ತಿದ್ದುವ ಆಟೋ-ಟ್ಯೂನ್ ತಂತ್ರಾಂಶವನ್ನು ನೋಡಿರಿ. ಅದು 1997ರಲ್ಲಿ ಮಾರುಕಟ್ಟೆಗೆ ಬಂತು, ಅದನ್ನು ಮಾಡಿದ ಆ್ಯಂಡಿ ಹಿಲ್ಡೆಬ್ರಾಂಡ್ ಮೊದಲು ತೈಲ ಶೋಧನೆಗಾಗಿ ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದವರು. ಅದರ ರೂಢಿಯ ಬಳಕೆ, ಹಾಡಿದ ಸ್ವರವನ್ನು ಹತ್ತಿರದ ನಿಗದಿತ ಸ್ವರಸ್ಥಾನಕ್ಕೆ ಎಳೆದು ಕೂರಿಸುವುದು. ತೋಡಿ ರಾಗದ ಗಾಂಧಾರವನ್ನು ಅದಕ್ಕೆ ಕೊಟ್ಟರೆ ಏನಾಗುತ್ತದೆ? ಆ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಾ ತನ್ನ ಇರವನ್ನು ಸೂಚಿಸುತ್ತದೆ. ತಂತ್ರಾಂಶ ಆ ತೂಗಾಟವನ್ನು ಮೆಟ್ಟಿಲುಗಳಾಗಿ ಕತ್ತರಿಸುತ್ತದೆ, ತೋಡಿಯ ಜಾಗದಲ್ಲಿ ಇನ್ನೇನೋ ಉಳಿಯುತ್ತದೆ. ತಂತ್ರಾಂಶ ಕೆಟ್ಟದ್ದೆಂದಲ್ಲ, ಅದು ಸ್ವರವನ್ನು ಬಿಂದುವೆಂದು ನಂಬಿದೆ, ನಮ್ಮ ಸಂಗೀತದಲ್ಲಿ ಸ್ವರವೊಂದು ಚಲನೆ.

ಯಂತ್ರಕ್ಕೆ ಈ ಚಲನೆಯನ್ನು ಕಲಿಸುವ ಪ್ರಯತ್ನಗಳೂ ನಡೆದಿವೆ. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಜೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ ನಡೆದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ, ಮದರಾಸಿನ ಐಐಟಿಯವರೂ ಸೇರಿ, ಕರ್ನಾಟಕ ಮತ್ತು ಹಿಂದೂಸ್ತಾನಿ ಸಂಗೀತದ ಧ್ವನಿಮುದ್ರಣಗಳನ್ನು ಕಲೆಹಾಕಿ, ರಾಗದ ವಿಶಿಷ್ಟ ಸಂಚಾರಗಳನ್ನೂ ತಾಳದ ಆವರ್ತಗಳನ್ನೂ ಗುರುತಿಸುವ ವಿಧಾನಗಳನ್ನು ರೂಪಿಸಿದರು. ಪಾಶ್ಚಾತ್ಯ ಸಂಗೀತಕ್ಕೆಂದು ಮಾಡಿದ ಅಳತೆಗೋಲು ಇಲ್ಲಿ ನಡೆಯದು ಎಂಬುದೇ ಆ ಯೋಜನೆಯ ಆರಂಭದ ನೆಲೆ. ಒಂದೇ ರಾಗದ ಒಂದೇ ಸಂಚಾರವನ್ನು ಹತ್ತಾರು ಕಲಾವಿದರು ಹೇಗೆ ಹಾಡಿದ್ದಾರೆಂದು ಪಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ಸಂಗೀತಶಾಸ್ತ್ರ ಬರೆದ ಹಿಂದಿನ ಯಾವ ಲಕ್ಷಣಕಾರರಿಗೂ ಇರಲಿಲ್ಲ.

ಇದೇ ವಿದ್ಯೆಯ ಇನ್ನೊಂದು ಮುಖ ಕಂಠದ ನಕಲು. 2024ರಲ್ಲಿ ಎ. ಆರ್. ರೆಹಮಾನ್ ಅವರು ತೀರಿಕೊಂಡ ಇಬ್ಬರು ಗಾಯಕರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ಚಿತ್ರಗೀತೆಯೊಂದರಲ್ಲಿ ಬಳಸಿದರು, ಕುಟುಂಬದವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿಯೂ ತಿಳಿಸಿದರು. ಒಪ್ಪಿಗೆ ಇದ್ದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಗಾಯಕನೊಬ್ಬ ಯಾವ ಸಾಹಿತ್ಯವನ್ನು ಹಾಡುತ್ತಾನೆ, ಎಲ್ಲಿ ತಡೆಯುತ್ತಾನೆ ಎಂಬ ಆಯ್ಕೆಗಳು ಅವನ ಕಂಠದ ಬಣ್ಣದಷ್ಟೇ ಅವನವು, ಅವುಗಳಿಗೆ ಒಪ್ಪಿಗೆ ಕೊಡಬಲ್ಲವರು ಉಳಿದಿಲ್ಲ.

ಸಭಾಕಾರ್ಯದರ್ಶಿ (ಹಾಸನ ಜಿಲ್ಲೆ):

ಇಷ್ಟು ಸಮೃದ್ಧವಾದ ಉತ್ತರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಇದೆಲ್ಲವನ್ನೂ ಅಚ್ಚು ತೆಗೆದು ಸಮಿತಿಯ ಮುಂದಿಟ್ಟೆ. ತಿಂಗಳ ಕಚೇರಿಗಳನ್ನು ತಂಬೂರದೊಂದಿಗೆ ಮೈಕಿಲ್ಲದೆ ನಡೆಸುವುದೆಂದೂ, ಕಿವಿ ಮಂದವಾದ ಹಿರಿಯರಿಗೆ ಮುಂದಿನ ಎರಡು ಸಾಲುಗಳನ್ನು ಮೀಸಲಿಡುವುದೆಂದೂ, ರಾಮನವಮಿಯಲ್ಲಿ ಹೊರಗೂ ಜನ ನಿಲ್ಲುವುದರಿಂದ ಮೈಕು ಇರಲಿ, ಆದರೆ ಮಾನಿಟರ್ ಮಟ್ಟವನ್ನು ಕಚೇರಿಗೆ ಮೊದಲು ಕಲಾವಿದರೊಂದಿಗೆ ಕೂತು ಒಮ್ಮೆ ನಿಗದಿ ಮಾಡುವುದೆಂದೂ ಒಪ್ಪಲಾಗಿದೆ. ಫ್ಯಾನಿನ ವಿಷಯ ಇತ್ಯರ್ಥವಾಗಿಲ್ಲ. ಹೊಸರಾಗ ಅವರ ಬೇಡಿಕೆಗೆ ಮೂವರು ಹೌದೆಂದರು, ನಾಲ್ವರು ಮುಂದಿನ ವರ್ಷ ನೋಡೋಣವೆಂದರು.

ನೇರಪ್ರಸಾರ ಮಾಡುವುದಾದರೆ ಕಲಾವಿದರಿಂದ ಏನೇನು ಬರಹದಲ್ಲಿ ಪಡೆಯಬೇಕು ಎಂಬುದೊಂದು ಉಳಿದಿದೆ. ಧ್ವನಿ ನಕಲಿನ ಕಥೆ ಓದಿದ ಮೇಲೆ ಈ ಬಗ್ಗೆ ಅಳುಕು ಹೆಚ್ಚಾಗಿದೆ.

ಕರಿಕೋಟು (ಹುಬ್ಬಳ್ಳಿ):

ವಕೀಲಿ ವೃತ್ತಿಯವನಾದ್ದರಿಂದ ಇದಕ್ಕೆ ಉತ್ತರಿಸುತ್ತೇನೆ. 1957ರ ಕೃತಿಸ್ವಾಮ್ಯ ಕಾಯಿದೆಯ 38ನೆಯ ಕಲಮಿನಡಿ ಪ್ರದರ್ಶನಕಾರರಿಗೆ ಪ್ರತ್ಯೇಕ ಹಕ್ಕುಗಳಿವೆ, ಅವು 50 ವರ್ಷ ಇರುತ್ತವೆ. ಕಚೇರಿಯನ್ನು ಮುದ್ರಿಸುವುದಕ್ಕೂ ಪ್ರಸಾರ ಮಾಡುವುದಕ್ಕೂ ಮುಖ್ಯ ಗಾಯಕರೊಬ್ಬರ ಒಪ್ಪಿಗೆ ಸಾಲದು, ಪಕ್ಕವಾದ್ಯದ ಪ್ರತಿಯೊಬ್ಬರದ್ದೂ ಬೇಕು. ಸಭೆಗಳು ಎಡವುವುದು ಇಲ್ಲಿಯೇ. 2012ರ ತಿದ್ದುಪಡಿಯ ಬಳಿಕ, ಪ್ರದರ್ಶನವನ್ನು ತಮ್ಮ ಹೆಸರಿನೊಂದಿಗೇ ಗುರುತಿಸಬೇಕೆಂದು ಕೇಳುವ ಮತ್ತು ಗೌರವಕ್ಕೆ ಕುಂದು ತರುವಂತೆ ಅದನ್ನು ತಿರುಚಿದರೆ ಆಕ್ಷೇಪಿಸುವ ಹಕ್ಕೂ ಅವರಿಗಿದೆ. ಕಂಠದ ನಕಲಿನ ವಿಷಯದಲ್ಲಿ ಬಾಂಬೆ ಹೈಕೋರ್ಟು 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಪರವಾಗಿ ಮಧ್ಯಂತರ ಆದೇಶ ನೀಡಿ, ಒಪ್ಪಿಗೆಯಿಲ್ಲದೆ ಅವರ ಧ್ವನಿಯನ್ನು ಕೃತಕವಾಗಿ ಸೃಷ್ಟಿಸುವುದನ್ನು ತಡೆದಿದೆ.

ಪತ್ರ ಒಂದು ಪುಟವನ್ನು ದಾಟದಿರಲಿ, ಕನ್ನಡದಲ್ಲೇ ಇರಲಿ. ನೇರಪ್ರಸಾರಕ್ಕೆ ಒಪ್ಪಿಗೆ ಇದೆಯೇ, ಪ್ರಸಾರದ ನಂತರ ಜಾಲತಾಣದಲ್ಲಿ ಎಷ್ಟು ಕಾಲ ಉಳಿಸಬಹುದು, ಅದರಿಂದ ಆದಾಯ ಬಂದರೆ ಹೇಗೆ ಹಂಚಬೇಕು, ತೆಗೆದುಹಾಕಲು ಕೇಳಿದರೆ ಎಷ್ಟು ದಿನದಲ್ಲಿ ತೆಗೆಯಬೇಕು ಎಂಬುದನ್ನು ಬಿಡಿಬಿಡಿಯಾಗಿ ಕೇಳಿರಿ. ಯಂತ್ರಕ್ಕೆ ತರಬೇತಿ ಕೊಡಲು ಅಥವಾ ಧ್ವನಿಯನ್ನು ಅನುಕರಿಸಲು ಈ ಮುದ್ರಣವನ್ನು ಸಭೆ ಯಾರಿಗೂ ಕೊಡುವುದಿಲ್ಲ ಎಂಬ ಸಾಲನ್ನು ಸಭೆಯ ಕಡೆಯಿಂದ ಸೇರಿಸಿರಿ. ಜಾಲತಾಣಕ್ಕೆ ಏರಿಸಿದ್ದನ್ನು ಬೇರೆಯವರು ಕದ್ದು ಬಳಸುವುದನ್ನು ಈ ಸಾಲು ತಡೆಯಲಾರದು ಎಂಬುದನ್ನೂ ಕಲಾವಿದರಿಗೆ ಬಾಯಲ್ಲಿ ಹೇಳಿಬಿಡಿರಿ. ಸಹಿಯನ್ನು ಕಚೇರಿ ಗೊತ್ತುಮಾಡುವಾಗಲೇ ಪಡೆಯಿರಿ, ವೇದಿಕೆ ಹತ್ತುವ ಹೊತ್ತಿನಲ್ಲಿ ಕಾಗದ ಹಿಡಿದು ನಿಂತರೆ ಯಾರೂ ಓದಿ ಸಹಿ ಹಾಕುವುದಿಲ್ಲ.